ಕಾಕ್‌ಪಿಟ್ ನೋಡುವ ಆಸೆಯುಳ್ಳ ಪ್ರಯಾಣಿಕರಿಗೆ: ಯಾವಾಗ ಕೇಳಬೇಕು, ಹೇಗೆ ಕೇಳಬೇಕು

ವಿಮಾನದ ಮುಂಬಾಗಿಲಿನಿಂದ ಒಳಗೆ ಕಾಲಿಡುವಾಗ ಎಡಗಡೆಗೆ ಕಣ್ಣು ಹಾಯಿಸಿದರೆ ಅನೇಕ ಸಲ ಕಿರಿದಾದ ಬಾಗಿಲೊಂದು ತೆರೆದಿರುವುದು ಕಾಣುತ್ತದೆ. ಅದರಾಚೆ ಬೆಳಗುವ ಪರದೆಗಳು, ತಲೆಯ ಮೇಲಿನವರೆಗೂ ಹಬ್ಬಿದ ಗುಂಡಿಗಳು, ತಮ್ಮ ಕೆಲಸದಲ್ಲಿ ಮುಳುಗಿರುವ ಇಬ್ಬರು ಪೈಲಟ್‌ಗಳು. ಹಿಂದೆ ಬರುವವರಿಗೆ ದಾರಿ ಬಿಡಬೇಕಾದ್ದರಿಂದ ದೊಡ್ಡವರು ಬಲಕ್ಕೆ ಹೊರಳಿ ಆಸನ ಹುಡುಕಿಕೊಂಡು ಹೋಗುತ್ತಾರೆ. ಮಕ್ಕಳು ಮಾತ್ರ ಕತ್ತು ತಿರುಗಿಸಿ ಅಲ್ಲಿಯೇ ನಿಂತುಬಿಡುತ್ತಾರೆ. ಭದ್ರತೆ ಇಷ್ಟು ಬಿಗಿಯಾಗಿರುವ ಕಾಲದಲ್ಲಿ ಒಳಗೆ ನೋಡಬಹುದೇ ಎಂದು ಕೇಳುವುದೇ ತಪ್ಪೇನೋ ಎಂಬ ಅಳುಕಿನಿಂದ ಹಲವರು ಸುಮ್ಮನಾಗುತ್ತಾರೆ. ಹಾಗೆ ಅಳುಕಬೇಕಾಗಿಲ್ಲ. ಹಾರಾಟದ ಹೊತ್ತಿನಲ್ಲಿ ಪ್ರಯಾಣಿಕರಿಗೆ ಕಾಕ್‌ಪಿಟ್ ಪ್ರವೇಶ ಇಲ್ಲವೆಂಬುದು ನಿಜ. ಆದರೆ ವಿಮಾನ ನೆಲದ ಮೇಲೆ ನಿಂತು, ಬಾಗಿಲು ತೆರೆದಿದ್ದು, ಕ್ಯಾಪ್ಟನ್ ಒಪ್ಪಿದರೆ ಅನೇಕ ವಿಮಾನಯಾನ ಸಂಸ್ಥೆಗಳಲ್ಲಿ ಇಂದಿಗೂ ಆ ಅವಕಾಶ ಸಿಗುತ್ತದೆ. ಸರಿಯಾದ ಹೊತ್ತನ್ನು ಗುರುತಿಸಿ ಸರಿಯಾದವರ ಮೂಲಕ ಕೇಳಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಮೊದಲು, ಬಾಗಿಲು ಮುಚ್ಚಿದ್ದೇಕೆ ಎಂಬುದನ್ನು ತಿಳಿದಿರಿ

ಕೇಳುವ ಮುನ್ನ ಹಿನ್ನೆಲೆ ತಿಳಿದಿದ್ದರೆ ಕೇಳುವ ರೀತಿಯೇ ಬದಲಾಗುತ್ತದೆ. ಒಂದು ಕಾಲದಲ್ಲಿ ಅನೇಕ ದೇಶಗಳ ವಿಮಾನಗಳಲ್ಲಿ, ಊಟವೆಲ್ಲ ಮುಗಿದು ವಿಮಾನ ನೆಟ್ಟಗೆ ಸಾಗುತ್ತಿರುವಾಗ, ಮಕ್ಕಳನ್ನೂ ಆಸಕ್ತ ಪ್ರಯಾಣಿಕರನ್ನೂ ಕಾಕ್‌ಪಿಟ್‌ಗೆ ಕರೆದೊಯ್ಯುವುದು ಸಾಮಾನ್ಯವಾಗಿತ್ತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿದ್ದ ಕಾಂಕಾರ್ಡ್‌ನಲ್ಲಿಯೂ ಪ್ರಯಾಣಿಕರು ಮುಂದೆ ಹೋಗಿ ಪೈಲಟ್‌ಗಳ ಬೆನ್ನ ಹಿಂದೆ ನಿಂತು ನೋಡಿ ಬರುತ್ತಿದ್ದರು. ಅಮೆರಿಕದಲ್ಲಿ ಮಾತ್ರ ಹಾರಾಟದ ವೇಳೆಯ ಪ್ರವೇಶಕ್ಕೆ ಆಗಲೇ ಕಟ್ಟುಪಾಡುಗಳಿದ್ದವು.

ಈ ಪದ್ಧತಿ ಒಂದೇ ದಿನದಲ್ಲಿ ನಿಂತಿತೆಂದು ಹೇಳಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. 1994ರ ಮಾರ್ಚ್ 23ರಂದು ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ ಏರೋಫ್ಲೋಟ್ 593 ವಿಮಾನದಲ್ಲಿ ಪೈಲಟ್ ಒಬ್ಬರು ತಮ್ಮ ಮಕ್ಕಳನ್ನು ಚಾಲಕನ ಆಸನದಲ್ಲಿ ಕೂರಿಸಿದ್ದರು. ಹದಿಹರೆಯದ ಮಗ ನಿಯಂತ್ರಣ ಚಕ್ರವನ್ನು ಒಂದೇ ಸಮನೆ ಒತ್ತಿ ಹಿಡಿದಿದ್ದರಿಂದ ವಿಮಾನವನ್ನು ತಾನಾಗಿಯೇ ನಡೆಸುವ ಆಟೋಪೈಲಟ್‌ನ ಒಂದು ಭಾಗ ಮಾತ್ರ ಕಳಚಿಕೊಂಡಿತು. ಅದನ್ನು ಯಾರೂ ಕೂಡಲೇ ಗಮನಿಸಲಿಲ್ಲ. ವಿಮಾನ ಸೈಬೀರಿಯಾದ ಕಾಡಿನಲ್ಲಿ ಅಪ್ಪಳಿಸಿ 75 ಮಂದಿಯೂ ಸತ್ತರು. 1999ರ ಜುಲೈ 23ರಂದು ಜಪಾನಿನ ಆಲ್ ನಿಪ್ಪಾನ್ ಏರ್‌ವೇಸ್‌ನ 61 ಸಂಖ್ಯೆಯ ವಿಮಾನದಲ್ಲಿ ಚಾಕು ಹಿಡಿದ ಪ್ರಯಾಣಿಕನೊಬ್ಬ ಕ್ಯಾಬಿನ್ ಸಿಬ್ಬಂದಿಯನ್ನು ಬೆದರಿಸಿ ಕಾಕ್‌ಪಿಟ್ ಹೊಕ್ಕು ಕ್ಯಾಪ್ಟನ್‌ರನ್ನು ಕೊಂದ. 2000ದ ಡಿಸೆಂಬರ್ 29ರಂದು ಲಂಡನ್ನಿನಿಂದ ನೈರೋಬಿಗೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747ರಲ್ಲಿ ಮಾನಸಿಕವಾಗಿ ಅಸ್ವಸ್ಥನಾಗಿದ್ದ ಪ್ರಯಾಣಿಕನೊಬ್ಬ ಒಳನುಗ್ಗಿ ನಿಯಂತ್ರಣ ಸಾಧನಗಳಿಗೆ ಕೈಹಾಕಿದ. ವಿಮಾನ ಭಯಂಕರವಾಗಿ ಕುಸಿದು, ಪೈಲಟ್‌ಗಳೂ ಪ್ರಯಾಣಿಕರೂ ಸೇರಿ ಅವನನ್ನು ಎಳೆದುಹಾಕಿದ ಮೇಲೆ ಹೇಗೋ ಚೇತರಿಸಿಕೊಂಡಿತು. ಒಂಬತ್ತು ತಿಂಗಳೊಳಗೆ, ಅಪಹರಿಸಿದ ವಿಮಾನಗಳಿಂದ ಅಮೆರಿಕದ ಮೇಲೆ ದಾಳಿ ನಡೆದ 2001ರ ಸೆಪ್ಟೆಂಬರ್ 11 ಬಂದಿತು.

ಆಮೇಲಿನ ನಿಯಮಗಳು ಸ್ಪಷ್ಟವಾಗಿವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ 2003ರ ನವೆಂಬರ್ 1ರಿಂದ, 60ಕ್ಕಿಂತ ಹೆಚ್ಚು ಆಸನಗಳಿರುವ ಅಥವಾ ಹಾರಲು ಅನುಮತಿಸಿದ ಗರಿಷ್ಠ ತೂಕ 45,500 ಕಿಲೋಗ್ರಾಂ ಮೀರಿದ ಪ್ರಯಾಣಿಕ ವಿಮಾನಗಳಿಗೆ, ಸಣ್ಣ ಬಂದೂಕಿನ ಗುಂಡನ್ನೂ ಬಲವಂತದ ನುಗ್ಗಾಟವನ್ನೂ ತಡೆಯಬಲ್ಲ ಕಾಕ್‌ಪಿಟ್ ಬಾಗಿಲು ಕಡ್ಡಾಯವಾಯಿತು. ಪ್ರಯಾಣಿಕರೆಲ್ಲ ಹತ್ತಿ ಹೊರಬಾಗಿಲುಗಳು ಮುಚ್ಚಿದ ಕ್ಷಣದಿಂದ, ಇಳಿಯಲು ಮತ್ತೆ ಒಂದು ಹೊರಬಾಗಿಲು ತೆರೆಯುವವರೆಗೂ, ಅಧಿಕೃತ ವ್ಯಕ್ತಿಗಳು ಒಳಹೊರಗೆ ಹೋಗುವ ಹೊತ್ತನ್ನು ಬಿಟ್ಟರೆ, ಆ ಬಾಗಿಲು ಬೀಗ ಹಾಕಿಯೇ ಇರಬೇಕು. ಈ ವಾಕ್ಯವನ್ನು ನಿಧಾನವಾಗಿ ಓದಿಕೊಂಡರೆ ನಿಮಗೆ ಬೇಕಾದ ಉತ್ತರ ಅದರಲ್ಲಿಯೇ ಸಿಗುತ್ತದೆ. ಹೊರಬಾಗಿಲು ತೆರೆದಿರುವ ಹೊತ್ತೇ ನಿಮ್ಮ ಹೊತ್ತು. ಅದು ಎರಡು ಸಲ ಬರುತ್ತದೆ: ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ.

ಹೊತ್ತನ್ನು ಆರಿಸಿಕೊಳ್ಳಿ

ಎರಡರಲ್ಲಿ ಇಳಿಯುವಾಗಿನ ಹೊತ್ತೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಡುವ ಮುನ್ನ ಕಾಕ್‌ಪಿಟ್‌ನಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಕಾಣುವುದಕ್ಕಿಂತ ಬಹಳ ಹೆಚ್ಚು. ಹಾರಾಟದ ಮಾರ್ಗವನ್ನು ಕಂಪ್ಯೂಟರಿಗೆ ಉಣಿಸಬೇಕು, ಇಂಧನದ ಲೆಕ್ಕ ನೋಡಬೇಕು, ಪ್ರಯಾಣಿಕರ ಹಾಗೂ ಸರಕಿನ ಅಂತಿಮ ತೂಕ ಬಂದ ಕೂಡಲೇ ರನ್‌ವೇಯಲ್ಲಿ ಯಾವ ವೇಗಕ್ಕೆ ನೆಲ ಬಿಡಬೇಕೆಂದು ಲೆಕ್ಕ ಹಾಕಬೇಕು, ನಿಯಂತ್ರಣ ಗೋಪುರದಿಂದ ಅನುಮತಿ ಪಡೆಯಬೇಕು, ಮೇಲೇರುವಾಗ ಎಂಜಿನ್ ಕೈಕೊಟ್ಟರೆ ಏನು ಮಾಡಬೇಕೆಂದು ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಇಬ್ಬರಲ್ಲಿ ಒಬ್ಬರು ಕೆಳಗಿಳಿದು ವಿಮಾನದ ಸುತ್ತ ನಡೆದು ಪರೀಕ್ಷಿಸಿಯೂ ಬರುತ್ತಾರೆ. ಒಬ್ಬರ ಮಾತು ನಡುವೆ ತುಂಡಾದರೆ ಪಟ್ಟಿಯ ಒಂದು ಸಾಲು ತಪ್ಪಿಹೋಗಬಹುದು. ವಿಮಾನ ಅಪಘಾತಗಳ ಇತಿಹಾಸ ಇದನ್ನು ಕಲಿಸಿದೆ. ನೆಲದ ಮೇಲಿನ ಓಡಾಟದಿಂದ ಹಿಡಿದು ಸಾಮಾನ್ಯವಾಗಿ 10,000 ಅಡಿ ಎತ್ತರ ತಲುಪುವವರೆಗೆ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಸಂಬಂಧಿಸದ ಒಂದು ಮಾತೂ ಕೂಡದೆಂದು ಅಮೆರಿಕ 1981ರಲ್ಲಿ ನಿಯಮ ಮಾಡಿದ್ದು ಇದೇ ಕಾರಣಕ್ಕೆ.

ಇಳಿದ ಮೇಲೆ ಹಾಗಲ್ಲ. ಎಂಜಿನ್ ನಿಲ್ಲಿಸಿ, ಕೊನೆಯ ಚೆಕ್‌ಲಿಸ್ಟ್ ಓದಿ, ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದ ಮೇಲೆ ಪೈಲಟ್‌ಗಳ ಹೊಣೆ ಹಗುರಾಗುತ್ತದೆ. ಆಗ ಅವರು ಮಾತಿಗೂ ಸಿಗುತ್ತಾರೆ, ನಗುತ್ತಲೂ ಇರುತ್ತಾರೆ. ಅದರಲ್ಲೂ ದಿನದ ಕೊನೆಯ ಹಾರಾಟವಾಗಿದ್ದರೆ ಅಥವಾ ವಿಮಾನ ಮತ್ತೆ ಹೊರಡಲು ಗಂಟೆಗಟ್ಟಲೆ ಸಮಯವಿದ್ದರೆ ಒಪ್ಪಿಗೆಯ ಸಾಧ್ಯತೆ ಹೆಚ್ಚು. ಇದಕ್ಕೆ ತದ್ವಿರುದ್ಧವಾಗಿ, ಬಂದ ಅರ್ಧ ಗಂಟೆಯಲ್ಲಿಯೇ ಮತ್ತೆ ಹೊರಡುವ ಕಡಿಮೆ ದೂರದ ಹಾರಾಟಗಳಲ್ಲಿ ಪೈಲಟ್‌ಗಳು ಒಂದು ಹಾರಾಟ ಮುಗಿಸಿದ ಕೈಯಲ್ಲಿಯೇ ಮುಂದಿನದಕ್ಕೆ ಸಿದ್ಧತೆ ಮಾಡುತ್ತಿರುತ್ತಾರೆ. ವಿಮಾನ ತಡವಾಗಿದ್ದ ದಿನ ಕೇಳುವುದನ್ನು ಬಿಟ್ಟುಬಿಡಿ. ಹತ್ತು ಹನ್ನೆರಡು ತಾಸು ರಾತ್ರಿಯಿಡೀ ಹಾರಿ ಬಂದವರ ದಣಿವನ್ನೂ ಗಮನಿಸಬೇಕು. ಅಂಥವರು ಒಪ್ಪಿದರೂ ಎರಡು ನಿಮಿಷದಲ್ಲಿ ಹೊರಬರುವುದು ಒಳ್ಳೆಯದು.

ಹತ್ತುವಾಗಲೇ ಕೇಳಬೇಕಾದ ಸಂದರ್ಭವೂ ಉಂಟು. ಮುಂದಿನ ವಿಮಾನ ಹಿಡಿಯುವ ಅವಸರವಿದ್ದು ಇಳಿದ ಮೇಲೆ ಬಿಡುವಿರದಿದ್ದರೆ ಸಾಲಿನಲ್ಲಿ ಮೊದಲಿಗರಾಗಿ ಹತ್ತಿ, ದಾರಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಂತು ಕೇಳಬಹುದು. ತಲೆಯೆಣಿಕೆ ಮುಗಿದು ಬಾಗಿಲು ಮುಚ್ಚುವ ಹೊತ್ತಿಗೆ ಕೇಳಿದರೆ ಸಿಗುವ ಉತ್ತರ ಒಂದೇ.

ಕೇಳುವುದು ಯಾರನ್ನು, ಯಾವ ಮಾತಿನಲ್ಲಿ

ಕಾಕ್‌ಪಿಟ್ ಬಾಗಿಲು ತೆರೆದಿದೆಯೆಂದು ನೇರವಾಗಿ ಅದರ ಬಳಿಗೆ ನಡೆದುಹೋಗಬೇಡಿ. ಮುಂಬಾಗಿಲಿನ ಬಳಿ ನಿಂತಿರುವ ಹಿರಿಯ ಕ್ಯಾಬಿನ್ ಸಿಬ್ಬಂದಿಯ ಮೂಲಕವೇ ಮಾತು ಒಳಗೆ ಹೋಗಬೇಕು. ಪ್ರಯಾಣಿಕರು ತಾವಾಗಿಯೇ ಮುಂದೊತ್ತಿ ಬಂದರೆ ಸಿಬ್ಬಂದಿ ಅನುಮಾನದಿಂದ ನೋಡುತ್ತಾರೆ. ಅದು ಅವರಿಗೆ ಕೊಟ್ಟ ತರಬೇತಿ, ಅದರಲ್ಲಿ ನೊಂದುಕೊಳ್ಳುವಂಥದ್ದೇನೂ ಇಲ್ಲ. ಟಿಕೆಟ್ ಕಾಯ್ದಿರಿಸುವಾಗ ಅಥವಾ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಿನಂತಿಸಿದರೆ ಪ್ರಯೋಜನ ಕಡಿಮೆ, ಏಕೆಂದರೆ ಸಂಸ್ಥೆಯ ನಿಯಮ ಅಡ್ಡಿಯಾಗದಿದ್ದರೆ ಅಂತಿಮ ತೀರ್ಮಾನ ಆ ದಿನದ ಆ ವಿಮಾನದ ಕ್ಯಾಪ್ಟನ್‌ರದು.

ಮಾತು ಚಿಕ್ಕದಾಗಿರಲಿ, ನಿರಾಕರಿಸಲು ಅನುಕೂಲವಾಗಿಯೂ ಇರಲಿ. ಉದಾಹರಣೆಗೆ ಹೀಗೆ ಹೇಳಬಹುದು: “ನನ್ನ ಮಗಳಿಗೆ ವಿಮಾನಗಳೆಂದರೆ ಬಹಳ ಆಸಕ್ತಿ. ಇಳಿದ ಮೇಲೆ ಪೈಲಟ್‌ಗಳಿಗೆ ಬಿಡುವಿದ್ದರೆ ಒಂದು ನಿಮಿಷ ಕಾಕ್‌ಪಿಟ್ ನೋಡಲು ಸಾಧ್ಯವೇ? ಆಗದಿದ್ದರೂ ತೊಂದರೆಯಿಲ್ಲ.” ಇದನ್ನು ಹತ್ತುವಾಗಲೇ ಅಥವಾ ಹಾರಾಟದ ನಡುವೆ ಸಿಬ್ಬಂದಿ ಬಿಡುವಾಗಿರುವಾಗ ಹೇಳಿಟ್ಟರೆ ಅವರು ಸರಿಯಾದ ಹೊತ್ತು ನೋಡಿ ಒಳಗೆ ತಿಳಿಸುತ್ತಾರೆ. ಮಗುವೇ ಬರೆದ ನಾಲ್ಕು ಸಾಲಿನ ಚೀಟಿಯನ್ನು ಸಿಬ್ಬಂದಿಯ ಕೈಗೆ ಕೊಡುವುದೂ ಒಳ್ಳೆಯ ದಾರಿಯೇ. ಆಸನ ಸಂಖ್ಯೆಯನ್ನು ಅದರಲ್ಲಿ ಬರೆಯಲು ಮರೆಯಬೇಡಿ.

ದೊಡ್ಡವರು ತಮಗಾಗಿಯೇ ಕೇಳಲು ನಾಚಬೇಕಾಗಿಲ್ಲ. ಆಸಕ್ತಿಯ ಕಾರಣವನ್ನು ಪ್ರಾಮಾಣಿಕವಾಗಿ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಹಾರುವ ಭಯವಿರುವವರು ಅದನ್ನು ಮುಚ್ಚಿಡದೆ ಹೇಳಿಕೊಳ್ಳಲಿ; ಹೊರಡುವ ಮುನ್ನ ಪೈಲಟ್‌ರನ್ನು ಮುಖತಃ ಕಂಡು ಅವರ ಎರಡು ಮಾತು ಕೇಳಿದ ಮೇಲೆ ಎದೆಬಡಿತ ಇಳಿಯುವುದು ಸಹಜ, ಮತ್ತು ಇದು ಸಿಬ್ಬಂದಿಗೂ ಅರ್ಥವಾಗುತ್ತದೆ. ಭದ್ರತೆ, ಅಪಹರಣ, ಬಾಂಬ್ ಮುಂತಾದ ಪದಗಳನ್ನು ತಮಾಷೆಗೂ ಬಳಸಬೇಡಿ. ಬಾಗಿಲಿನ ಬೀಗ ಹೇಗೆ ಕೆಲಸ ಮಾಡುತ್ತದೆ, ಅದರ ಸಂಕೇತ ಸಂಖ್ಯೆ ಏನು ಎಂಬ ಕುತೂಹಲವನ್ನೂ ಮನೆಯಲ್ಲಿಯೇ ಬಿಟ್ಟು ಬನ್ನಿ.

ಇಳಿಯುವಾಗ ನಿಮ್ಮ ಆಸನದಲ್ಲಿಯೇ ಕುಳಿತು ಉಳಿದವರೆಲ್ಲ ಹೋಗಲು ಬಿಡಿ. ಖಾಲಿಯಾದ ವಿಮಾನದಲ್ಲಿ ಕೊನೆಯವರಾಗಿ ಮುಂದೆ ಬಂದಾಗ ನಿಮ್ಮ ಹಿಂದೆ ಕಾಯುವವರು ಯಾರೂ ಇರುವುದಿಲ್ಲ.

ಒಳಗೆ ಕಾಲಿಟ್ಟ ಮೇಲೆ

ಚೀಲಗಳನ್ನು ಹೊರಗಿಡಿ, ಕೈಯಲ್ಲಿ ಕಾಫಿ ಲೋಟವೋ ನೀರಿನ ಬಾಟಲಿಯೋ ಇದ್ದರೆ ಅದನ್ನೂ ಬಿಟ್ಟು ಬನ್ನಿ. ಇಬ್ಬರು ಪೈಲಟ್‌ಗಳ ನಡುವಿನ ಜಾಗ ನೀವು ಊಹಿಸಿದ್ದಕ್ಕಿಂತ ಚಿಕ್ಕದು, ಮತ್ತು ಆ ನಡುವೆಯೇ ಎಂಜಿನ್‌ಗಳ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳಿವೆ, ಇಂಧನ ಕಡಿಯುವ ಸ್ವಿಚ್‌ಗಳಿವೆ. ಕೈಗಳನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ. ಹೇಳುವವರೆಗೂ ಏನನ್ನೂ ಮುಟ್ಟಬೇಡಿ. ಆಸನದಲ್ಲಿ ಕೂರಲು ಹೇಳಿದರೆ ಹೇಗೆ ಕೂರಬೇಕೆಂದು ಕೇಳಿ ಕೂರಿರಿ, ಏಕೆಂದರೆ ಆಸನ ಜರುಗಿಸುವ ಹಿಡಿ ಯಾವುದು ಎಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ಫೋಟೊಗೆ ಅನುಮತಿ ಕೇಳಿ, ಪೈಲಟ್‌ಗಳ ಮುಖ ಸೇರಿಸಬಹುದೇ ಎಂದು ಬೇರೆಯಾಗಿ ಕೇಳಿ. ಜಾಲತಾಣದಲ್ಲಿ ಹಾಕುವುದಾದರೆ ಅದನ್ನೂ ಹೇಳಿ. ನೆಲದ ಮೇಲೆ ತೆಗೆದ ಚಿತ್ರವನ್ನು ಹಾರಾಟದಲ್ಲಿ ತೆಗೆದದ್ದೆಂದು ಯಾರಾದರೂ ತಿಳಿದರೆ ನಿಮಗೆ ಉಪಕಾರ ಮಾಡಿದವರು ವಿಚಾರಣೆ ಎದುರಿಸಬೇಕಾದೀತು. ಇಲ್ಲಿನ ಮಾತುಗಳನ್ನು ಧ್ವನಿ ದಾಖಲೆ ಯಂತ್ರ ಹಿಡಿದಿಡುತ್ತದೆ, ಮತ್ತು ಅನೇಕ ವಿಮಾನಗಳಲ್ಲಿ ಎಂಜಿನ್ ನಿಂತ ಮೇಲೂ ಅದು ಕೆಲವು ನಿಮಿಷ ಚಾಲೂ ಇರುತ್ತದೆ ಎಂಬುದು ನೆನಪಿರಲಿ.

ಇನ್ನು ನೋಡುವುದೇನು? ಎಲ್ಲವನ್ನೂ ಒಟ್ಟಿಗೆ ನೋಡಹೊರಟರೆ ಗುಂಡಿಗಳ ಕಾಡಿನಲ್ಲಿ ಏನೂ ಕಾಣದೆ ಹೊರಬರುತ್ತೀರಿ. ಮೂರು ನಾಲ್ಕನ್ನು ಹುಡುಕಿಕೊಂಡು ನೋಡಿ.

ಮುಂದಿನ ಫಲಕದಲ್ಲಿ ಪುಟ್ಟ ಚಕ್ರದ ಆಕಾರದ ತುದಿಯಿರುವ ಹಿಡಿಯೊಂದಿದೆ. ವಿಮಾನದ ಗಾಲಿಗಳನ್ನು ಇಳಿಸುವುದೂ ಎತ್ತುವುದೂ ಅದರಿಂದಲೇ. ಫ್ಲ್ಯಾಪ್‌ಗಳ, ಅಂದರೆ ರೆಕ್ಕೆಯ ಹಿಂಬದಿಯಿಂದ ಚಾಚಿ ಮಡಚುವ ಹಲಗೆಗಳ, ಹಿಡಿಯ ತುದಿ ಫ್ಲ್ಯಾಪ್‌ನಂತೆಯೇ ಚಪ್ಪಟೆಯಾಗಿದೆ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರ್‌ಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ಫ್ಲ್ಯಾಪ್ ಮಡಿಸಲು ಹೋಗಿ ಗಾಲಿಗಳನ್ನೇ ಮಡಿಸಿ ವಿಮಾನವನ್ನು ಹೊಟ್ಟೆಯ ಮೇಲೆ ಕೆಡವುತ್ತಿದ್ದರು. ಎರಡೂ ಸ್ವಿಚ್‌ಗಳು ಅಕ್ಕಪಕ್ಕದಲ್ಲಿ ಒಂದೇ ಬಗೆಯಾಗಿದ್ದವು. ತಪ್ಪು ಪೈಲಟ್‌ಗಳದ್ದಲ್ಲ, ವಿನ್ಯಾಸದ್ದು ಎಂದು ಗುರುತಿಸಿದ ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಹಿಡಿಗಳಿಗೆ ಬೇರೆ ಬೇರೆ ಆಕಾರ ಕೊಡಬೇಕೆಂದರು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗಬೇಕೆಂಬ ಆ ತತ್ವ ಇಂದು ವಿಮಾನ ವಿನ್ಯಾಸದ ಕಾನೂನಿನಲ್ಲಿಯೇ ಸೇರಿದೆ. ಇಡೀ ಕಾಕ್‌ಪಿಟ್‌ನಲ್ಲಿ ಮಕ್ಕಳಿಗೆ ಒಂದನ್ನೇ ತೋರಿಸಬಹುದಾದರೆ ನಾನು ಇದನ್ನೇ ತೋರಿಸುತ್ತೇನೆ.

ತಲೆಯ ಮೇಲಿನ ಫಲಕದತ್ತ ನೋಡಿ. ಹಾರಾಟದಲ್ಲಿ ಎಲ್ಲವೂ ಸರಿಯಿದ್ದಾಗ ಅಲ್ಲಿನ ದೀಪಗಳು ಬಹುಪಾಲು ಆರಿಯೇ ಇರುವಂತೆ ಏರ್‌ಬಸ್ ವಿಮಾನಗಳನ್ನು ರೂಪಿಸಿದ್ದಾರೆ. ದೀಪ ಹೊತ್ತಿತೆಂದರೆ ಗಮನ ಬೇಕೆಂದು ಅರ್ಥ. ಅದೇ ಏರ್‌ಬಸ್‌ನಲ್ಲಿ, 1988ರಲ್ಲಿ ಸೇವೆಗೆ ಬಂದ ಎ320ರಿಂದ ಈಚೆಗೆ, ಪೈಲಟ್‌ರ ಪಕ್ಕದಲ್ಲಿ ವಿಮಾನವನ್ನು ನಿಯಂತ್ರಿಸುವ ಒಂದು ಸಣ್ಣ ಕೋಲು, ಸೈಡ್‌ಸ್ಟಿಕ್, ಇರುತ್ತದೆ. ಬೋಯಿಂಗ್ ಪ್ರಯಾಣಿಕ ವಿಮಾನಗಳಲ್ಲಿ ಪೈಲಟ್‌ರ ಎದುರಿಗೇ ದೊಡ್ಡ ನಿಯಂತ್ರಣ ಚಕ್ರ. ಎರಡರಲ್ಲಿ ಯಾವುದು ಒಳ್ಳೆಯದೆಂದು ಎರಡನ್ನೂ ಹಾರಿಸಿದ ಪೈಲಟ್‌ರನ್ನು ಕೇಳಿ, ಮಾತು ತಾನಾಗಿಯೇ ಬೆಳೆಯುತ್ತದೆ. ಅನೇಕ ವಿಮಾನಗಳಲ್ಲಿ ಮುಂದಿನ ಗಾಜುಗಳ ನಡುವಿನ ಕಂಬದಲ್ಲಿ ಪುಟ್ಟ ಬಣ್ಣದ ಗೋಲಿಗಳಿರುತ್ತವೆ. ಅವು ಒಂದರ ಹಿಂದೊಂದು ಸರಿಯಾಗಿ ಹೊಂದುವಂತೆ ಕಂಡಾಗ ಪೈಲಟ್‌ರ ಕಣ್ಣು ಸರಿಯಾದ ಎತ್ತರದಲ್ಲಿದೆ ಎಂದರ್ಥ. ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ನಡುವೆ ವಿದ್ಯುತ್ತೇ ಬೇಡದ ಸಾದಾ ಕಾಂತದ ದಿಕ್ಸೂಚಿಯೂ ಎಲ್ಲೋ ಇರುತ್ತದೆ. ಅದನ್ನು ಹುಡುಕುವ ಕೆಲಸವನ್ನು ಮಗುವಿಗೆ ಬಿಡಿ.

ಕೇಳಲು ಎರಡು ಮೂರು ಪ್ರಶ್ನೆಗಳನ್ನು ಮೊದಲೇ ಯೋಚಿಸಿಟ್ಟಿರಿ. ಇಂದಿನ ಹಾರಾಟದಲ್ಲಿ ಕಷ್ಟದ ಭಾಗ ಯಾವುದಾಗಿತ್ತು, ಮೋಡ ಬಂದಾಗ ದಾರಿ ಬದಲಿಸಿದಿರೇ, ಇಳಿಸಿದವರು ಇಬ್ಬರಲ್ಲಿ ಯಾರು ಎಂಬಂಥ ಪ್ರಶ್ನೆಗಳಿಗೆ ಪೈಲಟ್‌ಗಳು ಮನಸ್ಸಿಟ್ಟು ಉತ್ತರಿಸುತ್ತಾರೆ. ಅಪಘಾತಗಳ ಬಗ್ಗೆ ಕೇಳುವುದು ಆ ಜಾಗಕ್ಕೆ ಒಪ್ಪುವುದಿಲ್ಲ. ಐದು ನಿಮಿಷ ಮೀರದಂತೆ ನೀವಾಗಿಯೇ ಹೊರಡಿ. ಕೃತಜ್ಞತೆ ಹೇಳುವಾಗ ಮಾತನ್ನು ಒಳಗೆ ಮುಟ್ಟಿಸಿದ ಕ್ಯಾಬಿನ್ ಸಿಬ್ಬಂದಿಯನ್ನು ಮರೆಯಬಾರದು.

ಹಾರಾಟದ ಹೊತ್ತಿನಲ್ಲಿ ನಡೆದುಕೊಳ್ಳಬೇಕಾದ ರೀತಿ

ಮೇಲೆ ಹಾರುತ್ತಿರುವಾಗಲೇ ಒಳಗೆ ಬಂದು ಕಾಕ್‌ಪಿಟ್ ನೋಡಲು ಕೇಳಲೇಬೇಡಿ. ಕ್ಯಾಪ್ಟನ್ ಒಳ್ಳೆಯ ಮನಸ್ಸಿನಿಂದ ಒಪ್ಪಿದರೂ ಅವರ ಪರವಾನಗಿಗೆ ಕುತ್ತು ಬರುತ್ತದೆ. ಒಳಗಿರುವ ಹೆಚ್ಚುವರಿ ಜಂಪ್ ಸೀಟ್ ತಪಾಸಣಾ ಅಧಿಕಾರಿಗಳು, ತರಬೇತಿ ನೀಡುವವರು ಮುಂತಾದ ಅಧಿಕೃತರಿಗಾಗಿ ಇರುವಂಥದ್ದು. ಪರಿಚಯವೋ ಬಂಧುತ್ವವೋ ಅದಕ್ಕೆ ಅರ್ಹತೆಯಾಗುವುದಿಲ್ಲ.

ಪೈಲಟ್ ಶೌಚಾಲಯಕ್ಕೆ ಹೊರಬರುವಾಗ ಬಾಗಿಲು ಕೆಲವು ಕ್ಷಣ ತೆರೆಯುತ್ತದೆ. ಆಗ ಸಿಬ್ಬಂದಿ ದಾರಿಗೆ ಅಡ್ಡವಾಗಿ ನಿಲ್ಲುವುದನ್ನು ಅಥವಾ ಊಟದ ಗಾಡಿ ನಿಲ್ಲಿಸುವುದನ್ನು ನೀವು ನೋಡಿರಬಹುದು. ಆ ಹೊತ್ತಿನಲ್ಲಿ ಎದ್ದು ಮುಂದೆ ಬರಬೇಡಿ, ಇಣುಕಬೇಡಿ. ಎಷ್ಟು ಗಟ್ಟಿ ಬಾಗಿಲಾದರೂ ತೆರೆದಿರುವಾಗ ಅದಕ್ಕೆ ಬಲವಿಲ್ಲ ಎಂಬ ಕಾರಣಕ್ಕೇ, ಹೊಸದಾಗಿ ತಯಾರಾಗುವ ಪ್ರಯಾಣಿಕ ವಿಮಾನಗಳಲ್ಲಿ ಎರಡನೆಯ ತಡೆಯೊಂದನ್ನೂ ಅಳವಡಿಸಬೇಕೆಂದು ಅಮೆರಿಕ 2023ರಲ್ಲಿ ನಿಯಮ ತಂದಿದೆ. ಗಟ್ಟಿ ಬಾಗಿಲಿಗೂ ತನ್ನದೇ ಅಪಾಯವಿದೆ ಎಂಬುದನ್ನು 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ 9525 ವಿಮಾನದ ದುರಂತ ತೋರಿಸಿತು. ಸಹಪೈಲಟ್ ಕ್ಯಾಪ್ಟನ್‌ರನ್ನು ಹೊರಗಿಟ್ಟು ಬೀಗ ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಢಿಕ್ಕಿ ಹೊಡೆಸಿದಾಗ 150 ಮಂದಿ ಸತ್ತರು. ಈ ಬಾಗಿಲಿನ ವಿಷಯದಲ್ಲಿ ಸಿಬ್ಬಂದಿ ಅಷ್ಟು ಎಚ್ಚರದಿಂದಿರುವುದರ ಹಿಂದೆ ಇಂಥ ನೆನಪುಗಳೆಲ್ಲ ಇವೆ.

ಮುಂದಿನ ನೋಟವನ್ನಾದರೂ ಕಾಣಬೇಕೆನ್ನುವವರು ಎ350 ಅಥವಾ ಎ380ರಂಥ ವಿಮಾನದಲ್ಲಿ ಹಾರುವಾಗ ಆಸನದ ಪರದೆಯಲ್ಲಿ ಹೊರಗಿನ ಕ್ಯಾಮೆರಾದ ದೃಶ್ಯವಿದೆಯೇ ಎಂದು ಹುಡುಕಿ. ಬಾಲದ ತುದಿಯ ಕ್ಯಾಮೆರಾದಿಂದ ಕಾಣುವ ಇಳಿಯುವಿಕೆ ಬಹಳ ಚೆನ್ನಾಗಿರುತ್ತದೆ.

ಇಲ್ಲವೆಂದರೆ

ಕೆಲವು ಸಂಸ್ಥೆಗಳು ನೆಲದ ಮೇಲೂ ಯಾರನ್ನೂ ಒಳಬಿಡುವುದಿಲ್ಲ, ಕೆಲವು ಸಲ ಕ್ಯಾಪ್ಟನ್‌ಗೆ ಬಿಡುವಿರುವುದಿಲ್ಲ. ಕಾರಣ ಕೇಳದೆ, ಮತ್ತೊಮ್ಮೆ ಒತ್ತಾಯಿಸದೆ ಹೊರಟುಬಿಡಿ. ಮಗುವಿಗೆ ಮೊದಲೇ “ಕೇಳಿ ನೋಡೋಣ” ಎಂದಷ್ಟೇ ಹೇಳಿದ್ದರೆ ಅಳು ತಪ್ಪುತ್ತದೆ.

ಬೇರೆ ದಾರಿಗಳೂ ಇವೆ. ಸಾರ್ವಜನಿಕರಿಗೆ ಗಂಟೆಯ ಲೆಕ್ಕದಲ್ಲಿ ತೆರೆದಿರುವ ಸಿಮ್ಯುಲೇಟರ್‌ಗಳಲ್ಲಿ ನಿಜವಾದ ಅಳತೆಯ ಕಾಕ್‌ಪಿಟ್‌ನಲ್ಲಿ ಕುಳಿತು ಎಲ್ಲವನ್ನೂ ಮುಟ್ಟಬಹುದು, ತಪ್ಪು ಮಾಡಬಹುದು. ವಸ್ತುಸಂಗ್ರಹಾಲಯಗಳಲ್ಲಿ ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿಯೂ ಪ್ಯಾರಿಸ್ ಬಳಿಯ ಲೆ ಬುರ್ಜೆಯಲ್ಲಿಯೂ ಕಾಂಕಾರ್ಡ್ ಮತ್ತು ಬೋಯಿಂಗ್ 747 ಎರಡೂ ಇವೆ. ಜರ್ಮನಿಯ ಜಿನ್ಸ್‌ಹೈಮ್‌ನಲ್ಲಿ ಕಾಂಕಾರ್ಡ್ ಪಕ್ಕದಲ್ಲಿಯೇ ಅದರ ರಷ್ಯನ್ ಪ್ರತಿಸ್ಪರ್ಧಿ ಟಿಯು-144 ನಿಂತಿದೆ. ಹಾರುವಾಗಿನ ಕಾವಿಗೆ ಕಾಂಕಾರ್ಡ್‌ನ ಮೈ ಹಿಗ್ಗಿ ಕಾಕ್‌ಪಿಟ್‌ನ ಫಲಕವೊಂದರ ಪಕ್ಕದಲ್ಲಿ ಸಂದು ಬಿಡುತ್ತಿತ್ತು. ನಿವೃತ್ತಿಯ ಹಾರಾಟಗಳಲ್ಲಿ ಫ್ಲೈಟ್ ಎಂಜಿನಿಯರ್‌ಗಳು ಆ ಸಂದಿನಲ್ಲಿ ತಮ್ಮ ಟೋಪಿ ಇಟ್ಟರು, ಲೋಹ ತಣಿದು ಸಂದು ಮುಚ್ಚಿಕೊಂಡಾಗ ಟೋಪಿ ಅಲ್ಲಿಯೇ ಸಿಕ್ಕಿಕೊಂಡಿತು.

ಹಾರುತ್ತಿರುವಾಗಲೇ ಪೈಲಟ್‌ಗಳ ಕೆಲಸ ನೋಡಬೇಕೆಂಬ ಆಸೆ ಬಿಡದಿದ್ದರೆ ಸಣ್ಣ ವಿಮಾನದ ಪ್ರಯಾಣವನ್ನು ಹುಡುಕಿ. 19 ಆಸನಗಳ ಟ್ವಿನ್ ಆಟರ್‌ನಂಥ ವಿಮಾನಗಳು ಮೇಲೆ ಹೇಳಿದ ಬಾಗಿಲಿನ ನಿಯಮಕ್ಕೆ ಒಳಪಡುವುದಿಲ್ಲ; ಅನೇಕವುಗಳಲ್ಲಿ ಪೈಲಟ್‌ಗಳ ಹಿಂದೆ ಬಾಗಿಲೇ ಇರುವುದಿಲ್ಲ. ಬೇಗ ಹೋಗಿ ಮೊದಲ ಸಾಲಿನ ಆಸನ ಹಿಡಿಯಿರಿ. ಇಬ್ಬರ ಭುಜಗಳ ನಡುವಿನಿಂದ ರನ್‌ವೇ ದೂರದಲ್ಲಿ ಒಂದು ಗೆರೆಯಾಗಿ ಕಾಣಿಸಿಕೊಂಡು, ಹತ್ತಿರವಾಗುತ್ತ ಅಗಲವಾಗಿ, ಗಾಲಿಗಳು ನೆಲ ಮುಟ್ಟುವವರೆಗೂ ಎಲ್ಲವನ್ನೂ ನಿಮ್ಮ ಆಸನದಿಂದಲೇ ನೋಡಬಹುದು.